ಬೋರೆ ಮರಕ್ಕೆ ಹಣ್ಣು ಹೊಲಿದವರು

ಅವರ ಬಲಗೈ ತೋರುಬೆರಳಿನ ಮೇಲೊಂದು ಕೊರಕಲು ಇತ್ತು. ಗಾಯದ ಗುರುತಲ್ಲ. ಮೂವತ್ತು ವರ್ಷ ಮೇಣ ಸವರಿದ ದಾರವನ್ನು ಎಳೆದೂ ಎಳೆದೂ ಬಿದ್ದ ಹಳ್ಳ. ಬೆಂಕಿಕಡ್ಡಿಯೊಂದನ್ನು ಅದರಲ್ಲಿ ಮಲಗಿಸಿ ಕೈ ತಿರುವಿದರೂ ಕಡ್ಡಿ ಬೀಳುತ್ತಿರಲಿಲ್ಲ. ಹಾಗೆ ತಿರುವಿ ತೋರಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. "ನಿಮ್ಮ ಸರ್ಟಿಫಿಕೇಟು ಫೈಲಿನಲ್ಲಿ ಉಂಟು ಮೇಡಂ, ನನ್ನದು ಇಲ್ಲಿ ಉಂಟು" ಎಂದು ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು.

ಬಹ್ರೇನಿನ ಟುಬ್ಲಿಯಲ್ಲಿರುವ ನಮ್ಮ ಗ್ಯಾರೇಜಿನಲ್ಲಿ ಅವರು ಕಾರಿನ ಸೀಟು ಹೊಲಿಯುತ್ತಿದ್ದರು. ಎಲ್ಲರ ಬಾಯಲ್ಲೂ ಸೀಟ್ ಮೇಸ್ತ್ರಿ. ಸುಳ್ಯದ ಕಡೆಯವರು, ಮನೆಮಾತು ತುಳು. ನಾನು ದಾವಣಗೆರೆಯವಳು. ಮೆಕ್ಯಾನಿಕಲ್ ಓದಿ, ಮದುವೆಯಾಗಿ, ಗಂಡನ ಹಿಂದೆ ಬಹ್ರೇನಿಗೆ ಬಂದು, ಮೂರು ವರ್ಷ ಗುಫೂಲಿನ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂತು, ಕೊನೆಗೆ ಈ ಗ್ಯಾರೇಜಿನ ಆಫೀಸಿನಲ್ಲಿ ಕೆಲಸ ಹಿಡಿದವಳು. ಗಿರಾಕಿಗಳ ಜೊತೆ ಮಾತಾಡುವುದು, ಯಾರ ಕಾರು ಎಲ್ಲಿಗೆ ಬಂತು ನೋಡುವುದು, ಎಲ್ಲರಿಂದ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಅವರ ಕಥೆ ಹೇಳಿದಾಗಲೆಲ್ಲ ಕೇಳಿದವರಲ್ಲಿ ಯಾರಾದರೊಬ್ಬರು "ಅಯ್ಯೋ ಪಾಪ" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಆಸಾಮಿಯಲ್ಲ ಅವರು. ಈ ಕಥೆಯಲ್ಲಿ ಪಾಪ ಅನ್ನಿಸಿಕೊಳ್ಳಬೇಕಾದವರು ಯಾರಾದರೂ ಇದ್ದರೆ ಅದು ನಾನು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಒಂದು ಬೋರೆ ಮರವಿದೆ. ಇಲ್ಲಿಯವರು ಅದರ ಹಣ್ಣಿಗೆ ಕನಾರ್ ಅನ್ನುತ್ತಾರೆ. ಜಾಗ ಬಾಡಿಗೆಯದು, ಮರ ಜಾಗದವರದು, ನೆರಳು ಮಾತ್ರ ನಮ್ಮದು. ಆ ನೆರಳಿನಲ್ಲೇ ಮೇಸ್ತ್ರಿಯ ಹೊಲಿಗೆ ಮೆಷಿನ್ನು, ಸ್ಪಂಜಿನ ರಾಶಿ, ರೆಕ್ಸಿನ್ ಸುರುಳಿಗಳು. ಬೇಸಿಗೆಯಲ್ಲಿ ಎಲ್ಲರೂ ಒಳಗೆ ಎಸಿ ಹತ್ತಿರ ಓಡುವಾಗಲೂ ಅವರು ಮರದಡಿಯೇ ಕೂತು, ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಸೂಜಿ ಆಡಿಸುತ್ತಿದ್ದರು. ಕರೆದರೆ "ಖಲ್ಲಿವಲ್ಲಿ, ನಿಮ್ಮ ಎಸಿ ನೀವೇ ಇಟ್ಕೊಳ್ಳಿ" ಅನ್ನುತ್ತಿದ್ದರು. ಹೋಗಲಿ ಬಿಡು ಅನ್ನುವ ಆ ಗಲ್ಫಿನ ಮಾತು ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು. ಆದರೆ ಅವರಷ್ಟು ಯಾವುದನ್ನೂ ಬಿಟ್ಟುಕೊಡದ ಮನುಷ್ಯನನ್ನು ನಾನು ಕಂಡಿಲ್ಲ.

ನಾನು ಸೇರಿದ ಎರಡನೆಯ ವರ್ಷ ಆ ಮರ ಹುಚ್ಚು ಹಿಡಿದವರ ಹಾಗೆ ಕಾಯಿ ಬಿಟ್ಟಿತು. ಎಲೆಗಿಂತ ಹಣ್ಣೇ ಹೆಚ್ಚು. ನಮ್ಮ ಮರವೊಂದೇ ಅಲ್ಲ, ದಾರಿಯಲ್ಲಿ ಕಂಡ ಕಾಂಪೌಂಡುಗಳಲ್ಲೆಲ್ಲ ಹಾಗೇ. ಹಣ್ಣಾಗುತ್ತಿದ್ದ ಹಾಗೆ ಬುಲ್‌ಬುಲ್‌ಗಳು ಬಂದವು. ಕಪ್ಪು ತಲೆ, ಬಿಳಿ ಕೆನ್ನೆ, ಬಾಲದ ಬುಡದಲ್ಲಿ ಹಳದಿ. ನಮ್ಮೂರಿನ ಪಿಕಳಾರದ ಹತ್ತಿರದ ನೆಂಟರು. ಬೆಳಗಾದರೆ ಮರವೇ ಮಾತಾಡುತ್ತಿದೆಯೇನೋ ಅನ್ನುವಷ್ಟು ಗಲಾಟೆ. ಆ ಗಲಾಟೆಯ ಫಲವೆಲ್ಲ ಕೆಳಗೆ ಬೀಳುತ್ತಿದ್ದದ್ದು ಹೊಸದಾಗಿ ಪೇಂಟ್ ಮಾಡಿ ಒಣಗಲು ನಿಲ್ಲಿಸಿದ ಕಾರುಗಳ ಮೇಲೆ. ಅರ್ಧ ಕಚ್ಚಿದ ಹಣ್ಣು, ಬೀಜ, ಹಿಕ್ಕೆ. ಒಬ್ಬ ಗಿರಾಕಿ ತನ್ನ ಬಿಳಿ ಕಾರಿನ ಬಾನೆಟ್ ನೋಡಿ ನನ್ನ ಜನ್ಮ ಜಾಲಾಡಿದ.

ಆವತ್ತೇ ನಾನು ಮೇಸ್ತ್ರಿಗೆ ಹೇಳಿದೆ: "ಜಾಗದವ್ರಿಗೆ ಕೇಳಿ ಆ ಕೊಂಬೆ ಎಲ್ಲ ಕಡಿಸಿಬಿಡ್ತೀನ್ರಿ."

ಅವರು ಬಾಯಲ್ಲಿದ್ದ ಸೂಜಿ ತೆಗೆದರು. "ಎಷ್ಟು ದಿನದ ಕೆಲಸ ಮೇಡಂ ಈ ಹಣ್ಣಿಂದು? ಒಂದೂವರೆ ತಿಂಗಳು. ಅಷ್ಟಕ್ಕೆ ಕೊಂಬೆ ಕಡಿಯುವುದಾ? ನಾಳೆ ಮಧ್ಯಾಹ್ನದವರೆಗೆ ತಡೀರಿ."

ಮರುದಿನ ನೋಡಿದರೆ ಪೇಂಟ್ ಕಾರುಗಳ ಮೇಲೆ ಒಂದು ಚಪ್ಪರ! ಹತ್ತಾರು ಹಳೇ ಸೀಟ್ ಕವರುಗಳನ್ನು ಬಿಚ್ಚಿ, ಒಂದಕ್ಕೊಂದು ಸೇರಿಸಿ ಹೊಲಿದು, ನಾಲ್ಕು ಪೈಪಿಗೆ ಬಿಗಿದಿದ್ದರು. ಕಂದು, ಬೂದು, ಕೆಂಪು, ಹುಲಿಪಟ್ಟೆ. ನನ್ನ ಅವ್ವ ಹಳೇ ಸೀರೆ ಸೇರಿಸಿ ಹೊಲಿಯುತ್ತಿದ್ದ ಕೌದಿ ಕಣ್ಣಿಗೆ ಬಂದು ನನಗೆ ನಗು ತಡೆಯಲಾಗಲಿಲ್ಲ, ಅದನ್ನು ಅವರಿಗೂ ಹೇಳಿದೆ. ಹಾಗೆ ನಗುತ್ತಲೇ ನಾನು ಸೋತೆ.

ಆ ಚಪ್ಪರದ ಕೆಳಗೇ ಅವರು ನನಗೆ ಬೇಟೆಯ ಪಾಠ ಹೇಳಿದ್ದು. ಅದಕ್ಕೆ ಕಾರಣ ಪಂಜರದವನು. ಜಾಗದ ಯಜಮಾನರ ಅಣ್ಣನ ಮಗ, ಮೂವತ್ತರ ಆಸುಪಾಸಿನ ಜೋರು ಆಳು. ಬುಲ್‌ಬುಲ್ ಹಿಡಿಯುವುದು ಅವನ ಶೋಕಿ. ಸಾಕಿದ ಬುಲ್‌ಬುಲ್ ಒಂದನ್ನು ಸಣ್ಣ ಪಂಜರದಲ್ಲಿಟ್ಟು, ಪಕ್ಕದಲ್ಲಿ ಬಾಗಿಲು ಬೀಳುವ ಇನ್ನೊಂದು ಪಂಜರವಿಟ್ಟು, ಅದರೊಳಗೆ ಖರ್ಜೂರದ ಚೂರು ಇಡುತ್ತಿದ್ದ. ಸಾಕಿದ್ದು ಹಾಡಿದರೆ ಕಾಡಿನದು ಇಳಿದು ಬರಬೇಕು, ಖರ್ಜೂರಕ್ಕೆ ಬಾಯಿ ಹಾಕಬೇಕು, ಬಾಗಿಲು ಬೀಳಬೇಕು. ಇಂಥದ್ದಕ್ಕೆಲ್ಲ ಇಲ್ಲೂ ಕಾನೂನಿನ ಅಡ್ಡಿ ಇದೆ ಎಂದು ಕೇಳಿದ್ದೆ. ಆದರೆ ಅವನ ಮನೆಯವರದೇ ಜಾಗ, ಅವರದೇ ಮರ, ಹೇಳುವವರು ಯಾರು?

ಆ ವರ್ಷ ಅವನು ಎಂಟು ದಿನ ಬಂದು ಕೂತ. ಒಂದು ಹಕ್ಕಿಯೂ ಕೆಳಗೆ ಇಳಿಯಲಿಲ್ಲ. ಅವನ ಸಾಕಿದ ಹಕ್ಕಿ ಹಾಡಿ ಹಾಡಿ ಸುಸ್ತಾಗಿ ಕೊನೆಗೆ ಖರ್ಜೂರವನ್ನು ಆಸೆಯಿಂದ ನೋಡತೊಡಗಿತು. ಮೇಸ್ತ್ರಿ ಸೀಟಿಗೆ ಸ್ಪಂಜು ತುಂಬುತ್ತ, ಕಣ್ಣಿನ ಅಂಚಿನಲ್ಲಿ ಎಲ್ಲ ನೋಡುತ್ತ, ಒಳಗೊಳಗೇ ನಗುತ್ತಿದ್ದರು. ಒಂಬತ್ತನೆಯ ದಿನ ಅವನು ಪಂಜರ ಎತ್ತಿಕೊಂಡು ಹೋದ ಮೇಲೆ ನನ್ನನ್ನು ಕರೆದರು.

"ಎಂತ ಆಯ್ತು ಗೊತ್ತಾಯ್ತಾ ಮೇಡಂ? ಮನೆಯಲ್ಲಿ ಮದುವೆ ಊಟ ಇರುವಾಗ ಯಾರಾದ್ರೂ ಹೋಟೆಲಿಗೆ ಹೋಗ್ತಾರಾ?"

ಆಮೇಲೆ ಊರಿನ ಕಥೆ ಬಂತು. ಅವರ ಅಪ್ಪ ಕದ್ದು ಬೇಟೆಯಾಡುತ್ತಿದ್ದವರು. ಸುಬ್ರಹ್ಮಣ್ಯದ ಕಡೆಯ ಕಾಡಿನಂಚಿನಲ್ಲಿ ಉರುಳು ಇಡುವುದು, ಹಂದಿ ಕಾಯುವುದು. ಮೇಸ್ತ್ರಿಯೂ ಮೀಸೆ ಮೂಡುವ ಮೊದಲೇ ಅಪ್ಪನ ಜೊತೆ ಹೋಗುತ್ತಿದ್ದರಂತೆ. ಕಾಡುಮಾವು, ಹೆಬ್ಬಲಸು ಮೈತುಂಬ ಬಿಟ್ಟ ವರ್ಷ ಬೇಟೆಗಾರನಿಗೆ ಬರಗಾಲ. ಹಂದಿ ಕಾಡಿನ ಒಳಗೇ ತಿಂದು ಅಲ್ಲೇ ಬಿದ್ದುಕೊಂಡಿರುತ್ತದೆ, ಗದ್ದೆಯ ಹತ್ತಿರ ಸುಳಿಯುವುದಿಲ್ಲ. ಅಟ್ಟಣಿಗೆ ಮೇಲೆ ಕೂತವನಿಗೆ ಸೊಳ್ಳೆ ಮಾತ್ರ.

"ಹಾಗಾದ್ರೆ ಒಳ್ಳೇದೇ ಆಯ್ತಲ್ರೀ ಪ್ರಾಣಿಗೆ" ಎಂದೆ.

"ಆ ವರ್ಷಕ್ಕೆ ಒಳ್ಳೆದು. ಹೊಟ್ಟೆ ತುಂಬಿದ ವರ್ಷ ಮರಿಯೂ ಜಾಸ್ತಿ, ಬದುಕುವುದೂ ಜಾಸ್ತಿ. ಮರುವರ್ಷ ಮರ ಸುಸ್ತಾಗಿ ಹಣ್ಣೇ ಬಿಡುವುದಿಲ್ಲ. ಬಾಯಿ ಎರಡರಷ್ಟು, ತಿನ್ನಲಿಕ್ಕೆ ಎಂತದೂ ಇಲ್ಲ. ಆಗ ಎಲ್ಲ ಕಾಡಿನ ಅಂಚಿಗೆ ಬರ್ತವೆ. ಬೇಟೆಗಾರನಿಗೆ ಸುಗ್ಗಿ ಹಣ್ಣಿನ ವರ್ಷ ಅಲ್ಲ, ಅದರ ಮರುವರ್ಷ."

ನಮ್ಮ ಕಡೆ ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಅದು ನೆನಪಾಯಿತು, ಹೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು. ಅಂಥ ಒಂದು ಮರುವರ್ಷ ಅವರೂ ಅವರ ಅಪ್ಪನೂ ಸೇರಿ ಒಂದೇ ವಾರದಲ್ಲಿ ಏಳು ಉರುಳಿನಲ್ಲಿ ಏಳು ಹಂದಿ ಹಿಡಿದಿದ್ದರಂತೆ. ಏಳನೆಯದು ಮರಿ ಹಾಕಿದ ಹೆಣ್ಣು ಹಂದಿ, ಮೂಳೆ ಚಕ್ಕಳ. ಮರಿಗಳು ಉರುಳಿನ ಸುತ್ತಲೇ ನಿಂತಿದ್ದವಂತೆ, ಮನುಷ್ಯರು ಹತ್ತಿರ ಬಂದರೂ ಓಡಲಿಲ್ಲವಂತೆ. ಅಪ್ಪ ಕತ್ತಿ ಅಲ್ಲೇ ನೆಲಕ್ಕೆ ಊರಿ ಕೂತು, "ಹಸಿದದ್ದನ್ನು ಹಿಡಿಯುವುದು ಬೇಟೆಯಲ್ಲ ಮಗಾ, ಕೈಸನ್ನೆ ಮಾಡಿ ಕರೆದು ಕುತ್ತಿಗೆ ಹಿಚುಕುವುದು" ಅಂದರಂತೆ. ಉರುಳುಗಳನ್ನೆಲ್ಲ ಆವತ್ತೇ ಬಿಚ್ಚಿದರಂತೆ.

"ಮತ್ತೆ ನಾನು ಸೂಜಿ ಹಿಡಿದೆ" ಎಂದು ಮೇಸ್ತ್ರಿ ಮೆಷಿನ್ ತುಳಿಯತೊಡಗಿದರು. ತುಳಿಯುತ್ತಲೇ, "ನಾನು ಇಲ್ಲಿಗೆ ಬಂದದ್ದೂ ಹಾಗೆಯೇ. ಹೊಟ್ಟೆ ತುಂಬಿದ ವರ್ಷ ಗಲ್ಫಿನ ಏಜೆಂಟ್ ಮನೆಗೆ ಬಂದಿದ್ರೆ ನಾಯಿ ಬಿಡ್ತಿದ್ದೆ" ಅಂದರು.

ಮರುವರ್ಷ ಅವರು ಹೇಳಿದ ಹಾಗೇ ಆಯಿತು. ಮರದಲ್ಲಿ ಹಣ್ಣಿಲ್ಲ. ಹುಡುಕಿದರೆ ಅಲ್ಲೊಂದು ಇಲ್ಲೊಂದು, ಅದೂ ಒಣಗಿದ್ದು. ಹಕ್ಕಿಗಳು ಮಾತ್ರ ಹಿಂದಿನ ವರ್ಷಕ್ಕಿಂತ ಹೆಚ್ಚು. ಬರಿಯ ಕೊಂಬೆಗಳಲ್ಲಿ ಹಾರಾಡಿ, ನಮ್ಮ ಊಟದ ಡಬ್ಬಿಯ ಹತ್ತಿರಕ್ಕೇ ಬಂದು ಕೂರುತ್ತಿದ್ದವು. ಪಂಜರದವನು ಬಂದ. ಮೊದಲ ದಿನ ಮಧ್ಯಾಹ್ನದೊಳಗೆ ಆರು ಹಕ್ಕಿ. ಮಾರನೆಯ ದಿನ ಒಂಬತ್ತು. ಕುಣಿಯುವುದೊಂದು ಬಾಕಿ ಅವನು. ಗ್ಯಾರೇಜಿನವರಿಗೆಲ್ಲ ಚಹಾ ತರಿಸಿದ.

ನನಗೂ ಒಂದು ತಂದುಕೊಟ್ಟ. ಪುಟ್ಟ ಬಿಳಿ ಪಂಜರ, ಒಳಗೆ ಒಂದು ಬುಲ್‌ಬುಲ್. "ನಿಮ್ಮ ಮಗಳಿಗೆ, ಮೇಡಂ. ಗಿಫ್ಟ್."

ನಾನು ತೆಗೆದುಕೊಂಡೆ. ಹೌದು, ತೆಗೆದುಕೊಂಡೆ. ಜಾಗದವರ ಕಡೆಯವನು, ಬೇಡ ಅಂದರೆ ಬೇಜಾರಾಗುತ್ತಾನೆ, ಮಗಳಿಗೆ ಖುಷಿಯಾಗುತ್ತದೆ, ಒಂದು ಹಕ್ಕಿ ತಾನೇ. ಇಷ್ಟು ನೆಪ ಸಾಲದೇ? ಮೇಸ್ತ್ರಿ ನೋಡದ ಹಾಗೆ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಮೇಲೆ ನನ್ನ ದುಪಟ್ಟಾ ಮುಚ್ಚಿ ಮನೆಗೆ ಒಯ್ದೆ. ಮಗಳು "ಮಮ್ಮಾ, ಸೋ ಕ್ಯೂಟ್!" ಎಂದು ಕುಣಿದಳು. ಒಂದು ವರ್ಷದ ಹಿಂದೆ ಆ ಚಪ್ಪರದ ಕೆಳಗೆ ಕೂತು ಏಳನೆಯ ಉರುಳಿನ ಕಥೆ ಕೇಳಿ ಕಣ್ಣೊರೆಸಿಕೊಂಡವಳೂ ನಾನೇ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ನಾನು ಗ್ಯಾರೇಜಿಗೆ ಹೋದಾಗ ಮರದ ತುಂಬ ಹಣ್ಣು! ಒಂದು ಗಳಿಗೆ ನನ್ನ ಕಣ್ಣೇ ನನಗೆ ಮೋಸ ಮಾಡಿತೇನೋ ಅಂದುಕೊಂಡೆ. ಹತ್ತಿರ ಹೋದರೆ ಸೀಬೆಹಣ್ಣಿನ ಹೋಳು, ಪಪ್ಪಾಯಿ, ಬಿರಿದ ಅಂಜೂರ, ಮೆತ್ತಗಾದ ಖರ್ಜೂರ. ಮೇಸ್ತ್ರಿ ಏಣಿಯ ಮೇಲೆ ನಿಂತು, ಸೀಟಿನ ಮೂಲೆ ಹೊಲಿಯುವ ಆ ಡೊಂಕು ಸೂಜಿಯಿಂದ ಒಂದೊಂದೇ ಹೋಳನ್ನು ರೆಂಬೆಗೆ ಹೊಲಿಯುತ್ತಿದ್ದರು. ಅವರು ಇದ್ದದ್ದು ಸೆಗಯಾದ ಒಂದು ಹಂಚಿಕೊಂಡ ರೂಮಿನಲ್ಲಿ. ಅಲ್ಲಿನ ಎರಡು ಕೋಲ್ಡ್ ಸ್ಟೋರಿನವರು, ನಮ್ಮ ಕಡೆ ಕಿರಾಣಿ ಅಂಗಡಿ ಅನ್ನುತ್ತೇವಲ್ಲ, ಮಾರಲಾಗದೆ ಎಸೆಯುವ ಹಣ್ಣನ್ನು ಇವರಿಗೆಂದೇ ತೆಗೆದಿಟ್ಟಿದ್ದರಂತೆ. ಬಕೆಟ್ಟಿನಲ್ಲಿ ತುಂಬಿಕೊಂಡು ಕಂಪನಿಯ ವ್ಯಾನಿನಲ್ಲಿ ಮೊದಲ ಟ್ರಿಪ್ಪಿಗೇ ಬಂದುಬಿಟ್ಟಿದ್ದರು.

"ಹೊಲಿಯೋದ್ಯಾಕ್ರೀ, ಒಂದು ತಟ್ಟೇಲಿ ಇಟ್ರಾಗಲ್ವಾ?" ಎಂದು ಕೆಳಗಿನಿಂದ ಕೇಳಿದೆ.

"ತಟ್ಟೆಗೆ ಇಳಿದ್ರೆ ಪಂಜರಕ್ಕೂ ಇಳೀತವೆ. ಇಳಿಯುವ ಅಭ್ಯಾಸವೇ ಆಗ್ಬಾರದು. ಮೇಲೆ ಇದ್ರೆ ಅದು ಮರದ್ದು. ಮರದ ಊಟಕ್ಕೆ ಯಾರ ಹಂಗೂ ಇಲ್ಲ."

ಪ್ರತಿ ಹೊಲಿಗೆಯ ಕೊನೆಯಲ್ಲಿ ದಾರವನ್ನು ಬುಡಕ್ಕೆ ಕತ್ತರಿಸುತ್ತಿದ್ದರು. ಒಂದು ಎಳೆಯೂ ತೂಗಾಡಬಾರದು. "ಕಾಲಿಗೆ ಸಿಕ್ಕಿದ್ರೆ ಇದೂ ಉರುಳೇ ಮೇಡಂ." ಸಂಜೆ ವ್ಯಾನು ಹೊರಡುವ ಮುಂಚೆ ಮತ್ತೆ ಏಣಿ ಹತ್ತಿ, ತಿಂದು ಮುಗಿದ ಹೋಳಿನ ದಾರಗಳನ್ನೆಲ್ಲ ಬಿಡಿಸಿ, ಎಣಿಸಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಹಾಕಿದ್ದು ನಲವತ್ತಾದರೆ ಸಂಜೆ ನಲವತ್ತೂ ಕೈಗೆ ಬರಬೇಕು. ಒಂದು ಕಡಿಮೆಯಾದರೂ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೂ ಇಳಿಯುತ್ತಿರಲಿಲ್ಲ.

ಪಂಜರದವನು ಆವತ್ತು ಬಂದು ಕೂತ. ಹಕ್ಕಿಗಳೆಲ್ಲ ಮೇಲೆ. ಖರ್ಜೂರದ ಮೇಲೆ ಇರುವೆ ಹತ್ತಿತು. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಅವನು ಮೇಸ್ತ್ರಿಯ ಏಣಿಯನ್ನು ಕಾಲಿನಿಂದ ನೂಕಿ ಬೀಳಿಸಿ, ಹಿಂದಿಯಲ್ಲಿ, "ಮರ ಯಾರದು?" ಅಂದ.

ಮೇಸ್ತ್ರಿ ಏಣಿ ಎತ್ತಿ ಮತ್ತೆ ಮರಕ್ಕೆ ಒರಗಿಸಿದರು. "ಮರ ನಿಮ್ಮದು. ಹಸಿವು ನಿಮ್ಮದಲ್ಲ." ಅದನ್ನು ಅವರ ಮುರುಕು ಹಿಂದಿಯಲ್ಲಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಹೇಳಿ, ಅವನ ಮುಂದೆಯೇ ಏಣಿ ಹತ್ತಿದರು.

ಮಧ್ಯಾಹ್ನಕ್ಕೆ ದೂರು ಹೋಯಿತು. ಸಂಜೆಯೊಳಗೆ ನಮ್ಮ ಅರ್ಬಾಬ್, ಅಂದರೆ ಗ್ಯಾರೇಜಿನ ಮಾಲೀಕರು, ನನ್ನನ್ನು ಕರೆದರು. ಕೆಟ್ಟವರಲ್ಲ ಅವರು. ತಮ್ಮ ಅಜ್ಜಿ ಕನಾರ್ ಮರದಲ್ಲಿ ಹಕ್ಕಿ ಹಿಡಿಯುವವರಿಗೆ ಶಾಪ ಹಾಕುತ್ತಿದ್ದರೆಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಆದರೆ ಜಾಗ ಅವರದಲ್ಲ, ಗ್ಯಾರೇಜು ಎತ್ತಿ ಬೇರೆ ಕಡೆ ಇಡುವ ತಾಕತ್ತಿಲ್ಲ. ಜಾಗದವರು ಕೇಳಿದ್ದು ಒಂದೇ: ಮೇಸ್ತ್ರಿ ತಪ್ಪಾಯಿತೆಂದು ಬರೆದುಕೊಡಬೇಕು, ಇನ್ನು ಮರ ಮುಟ್ಟುವುದಿಲ್ಲ ಅನ್ನಬೇಕು. ಇಲ್ಲವಾದರೆ ಆ ಮನುಷ್ಯ ತಮ್ಮ ಜಾಗದಲ್ಲಿ ಇರಕೂಡದು. ಮೇಸ್ತ್ರಿಯ ವೀಸಾ ನವೀಕರಣ ಇನ್ನು ಮೂರೇ ತಿಂಗಳಲ್ಲಿ. ವಯಸ್ಸು ಅರವತ್ತು ದಾಟಿತ್ತು. ಇಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವ ಮಾತಿಲ್ಲ. ಊರಲ್ಲಿ ಮಗಳ ನರ್ಸಿಂಗ್ ಓದು ಮುಗಿಯಲು ಒಂದು ವರ್ಷ ಬಾಕಿ.

ಕಾಗದ ಟೈಪ್ ಮಾಡಿದವಳು ನಾನೇ. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷು. ಆದಷ್ಟು ಮೆತ್ತಗೆ ಬರೆದಿದ್ದೆ. ಮೇಸ್ತ್ರಿ ಆಫೀಸಿಗೆ ಬಂದು, ಕುರ್ಚಿಯಲ್ಲಿ ಕೂರದೆ, ಅದರ ಸೀಟಿನ ಹೊಲಿಗೆ ಬಿಟ್ಟಿದ್ದನ್ನು ಬೆರಳಿನಿಂದ ನೋಡುತ್ತ, "ಕನ್ನಡದಲ್ಲಿ ಓದಿ" ಅಂದರು.

ಓದಿದೆ. ಇಂಗ್ಲಿಷಿನಲ್ಲಿ ಮೆತ್ತಗಿದ್ದದ್ದು ಕನ್ನಡಕ್ಕೆ ಬಂದ ಕೂಡಲೇ ನಾಚಿಕೆಗೇಡಾಗಿ ಕೇಳಿಸಿತು. "ಮರಕ್ಕೆ ಹಣ್ಣು ಹೊಲಿದದ್ದು ನನ್ನ ತಪ್ಪು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ದಯವಿಟ್ಟು ಕ್ಷಮಿಸಬೇಕು."

"ಇನ್ನೊಮ್ಮೆ ಓದಿ."

ಇನ್ನೊಮ್ಮೆ ಓದಿದೆ.

"ಮೂವತ್ತು ವರ್ಷದಲ್ಲಿ ಈ ಅಂಗಳದಲ್ಲಿ ನಾನು ಮಾಡಿದ ತಪ್ಪು ಒಂದಾ ಎರಡಾ? ಅಳತೆ ತಪ್ಪಿ ಚರ್ಮ ಹಾಳು ಮಾಡಿದ್ದೇನೆ. ಸಿಟ್ಟು ಬಂದು ಜನರಿಗೆ ಬೈದಿದ್ದೇನೆ. ಒಂದಕ್ಕಾದ್ರೂ ಯಾರಾದ್ರೂ ಕಾಗದ ಕೇಳಿದ್ರಾ? ಒಂದು ಒಳ್ಳೆದು ಮಾಡಿದ್ದಕ್ಕೆ ಕಾಗದವಾ?"

"ಮೇಸ್ತ್ರಿ, ಬರೀ ಒಂದು ಸಹಿ ಕಣ್ರೀ" ಎಂದೆ. "ಮಗಳ ಓದು ನೋಡ್ರಿ. ಸಹಿ ಮಾಡಿ ಸುಮ್ಮನಿದ್ರಾಯ್ತು. ಒಂದು ವರ್ಷ ಕಣ್ಣು ಮುಚ್ಚಿಕೊಂಡ್ರೆ ಕಳೆದುಹೋಗುತ್ತೆ."

"ಕಣ್ಣು ಮುಚ್ಚಿ ಹೊಲಿದ್ರೆ ಸೂಜಿ ಕೈಗೇ ಚುಚ್ಚುವುದು ಮಾರಾಯ್ತಿ." ಅವರು ನನ್ನನ್ನು ಮಾರಾಯ್ತಿ ಅಂದದ್ದು ಅದೇ ಮೊದಲು. "ನಾನು ಸಹಿ ಹಾಕಿದ್ರೆ ನಾಳೆ ಆ ಹಕ್ಕಿಗಳಿಗೆಲ್ಲ ಖರ್ಜೂರ ಹಾಕಿದವ ಅವನಲ್ಲ, ನಾನು. ಮಗಳು ಓದ್ತಾಳೆ. ಅಪ್ಪ ಉರುಳು ಬಿಚ್ಚಿದ ವರ್ಷವೂ ನಾವು ಉಪವಾಸ ಸಾಯ್ಲಿಲ್ಲ. ನಾನು ಹಾಕುವುದಿಲ್ಲ."

ಪೆನ್ನನ್ನು ನನ್ನ ಟೇಬಲ್ಲಿನ ಮೇಲೆ ನೇರ ಮಾಡಿ ಇಟ್ಟರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ನಿಮ್ಮ ಮನೆಯಲ್ಲಿ ಇರುವುದಕ್ಕೆ ತಿನ್ಲಿಕ್ಕೆ ಎಂತ ಕೊಡ್ತೀರಿ?"

ಹಿಂದಿನ ಶನಿವಾರ ಮಗಳು ನನ್ನ ಜೊತೆ ಗ್ಯಾರೇಜಿಗೆ ಬಂದಿದ್ದಳು, ತನ್ನ ಹಕ್ಕಿಯ ಬಗ್ಗೆ ಅಂಕಲ್‌ಗೆ ಎಲ್ಲ ವರದಿ ಒಪ್ಪಿಸಿದ್ದಳು. ಅಷ್ಟು ದಿನ ಅವರು ಅದರ ಸುದ್ದಿ ಎತ್ತಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ನನಗೆ ನಮಸ್ಕಾರವನ್ನೂ ಹೇಳುತ್ತಿದ್ದರು.

"ಇವತ್ತೇ ಬಿಟ್ಬಿಡ್ತೀನಿ" ಎಂದೆ.

"ಬೇಡ. ಈ ವರ್ಷ ಬಿಟ್ರೆ ಹಸಿವಿಗೆ ನಾಳೆಯೇ ಇನ್ನೊಂದು ಪಂಜರಕ್ಕೆ ಬೀಳ್ತದೆ. ರೂಮಿನಲ್ಲಿ ಹಾರ್ಲಿಕ್ಕೆ ಬಿಡಿ, ರೆಕ್ಕೆ ಗಟ್ಟಿ ಇರ್ಲಿ. ಹಣ್ಣಿನ ವರ್ಷ ಬಂದಾಗ ತಂದು ಇಲ್ಲಿ ಬಿಡಿ. ಅವರವರು ತಂದದ್ದನ್ನು ಅವರವರೇ ಬಿಡ್ಬೇಕು."

ಬೈದಿದ್ದರೆ ನಾನು ಎರಡು ದಿನದಲ್ಲಿ ಮರೆತುಬಿಡುತ್ತಿದ್ದೆ. ಕೆಲಸ ಕೊಟ್ಟು ಹೋದರು.

ವೀಸಾ ಮುಗಿದ ಕೂಡಲೇ ಕಳಿಸುತ್ತೇನೆಂದು ಹೇಳಿ ಅರ್ಬಾಬ್ ಜಾಗದವರಿಂದ ಅಲ್ಲಿಯ ತನಕ ಸಮಯ ಕೇಳಿಕೊಂಡರು. ಆ ಉಳಿದ ದಿನಗಳಲ್ಲಿ ಮೇಸ್ತ್ರಿ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಹೇಗೂ ಕಳಿಸುತ್ತಾರೆ, ಇನ್ನೇನು ಭಯ? ಬಕೆಟ್ಟು, ಏಣಿ, ಡೊಂಕು ಸೂಜಿ. ಪಂಜರದವನು ನಾಲ್ಕು ದಿನ ಬಂದ, ಐದನೆಯ ದಿನ ಬರಲಿಲ್ಲ. ಹಕ್ಕಿಗಳು ಆ ಬರದ ವರ್ಷವನ್ನು ನಮ್ಮ ಅಂಗಳದಲ್ಲಿ ದಾಟಿದವು. ಬೇಸಿಗೆ ಏರುತ್ತಿದ್ದಾಗ ಮೇಸ್ತ್ರಿಯ ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ದಿನ ಅವರು ನನ್ನ ಆಫೀಸಿನ ಕುರ್ಚಿಯ ಬಿಟ್ಟ ಹೊಲಿಗೆ ಸರಿಮಾಡಿ, ಅದೇ ಸೂಜಿಯನ್ನು ಒಂದು ಕೆಂಪು ರೆಕ್ಸಿನ್ ತುಂಡಿಗೆ ಚುಚ್ಚಿ ನನ್ನ ಮುಂದಿಟ್ಟರು.

"ನಂಗೆ ಬರಲ್ರೀ" ಎಂದೆ.

"ಕೌದಿ ಹೊಲಿದವಳ ಮಗಳು ನೀವು. ಕೈ ಮರೀಲಿಕ್ಕಿಲ್ಲ."

ಅರ್ಬಾಬ್ ಅವರನ್ನು ಏರ್‌ಪೋರ್ಟಿಗೆ ತಾವೇ ಬಿಟ್ಟುಬಂದರು. ವಾಪಸ್ ಬಂದು ಕಾರು ನಿಲ್ಲಿಸಿ ಬಹಳ ಹೊತ್ತು ಒಳಗೇ ಕೂತಿದ್ದರು. ನನಗೆ ಅವರ ಮೇಲೆ ಆಗ ಮರುಕ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ.

ಮುಂದಿನ ವಸಂತಕ್ಕೆ ಮರ ಮತ್ತೆ ತುಂಬಿತು. ಒಂದು ಶುಕ್ರವಾರ ಬೆಳಿಗ್ಗೆ ಗ್ಯಾರೇಜಿಗೆ ರಜೆಯಿದ್ದಾಗ ನಾನೂ ಮಗಳೂ ಪಂಜರ ತಂದು ಮರದಡಿ ಇಟ್ಟು ಬಾಗಿಲು ತೆರೆದೆವು. ಮಗಳ ಕಣ್ಣು ತುಂಬಿತ್ತು, "ಬಟ್ ಇಟ್ಸ್ ಮೈನ್" ಅಂತ ಒಮ್ಮೆ ಅಂದಳು. ಆಮೇಲೆ ತಾನೇ ಪಂಜರದಿಂದ ಹಿಂದೆ ಸರಿದು ನಿಂತಳು. ಹಕ್ಕಿ ಬಾಗಿಲಲ್ಲಿ ಕೂತಿತು, ಪಂಜರದ ಮೇಲೆ ಕೂತಿತು, ಮತ್ತೆ ಒಂದೇ ಏಟಿಗೆ ಮರದೊಳಗೆ ಮಾಯವಾಯಿತು. ನಾನು ಅದರ ವಿಡಿಯೋ ಕಳಿಸಿದೆ. ಹತ್ತು ನಿಮಿಷದಲ್ಲಿ ಸುಳ್ಯದಿಂದ ಫೋನು.

"ಹೋಗುವಾಗ ತಿರುಗಿ ನೋಡ್ಲಿಲ್ಲ ಅಲ್ವಾ?"

"ಇಲ್ಲರೀ."

"ಒಳ್ಳೆದಾಯ್ತು. ಹಾಗೆಯೇ ಹೋಗ್ಬೇಕು." ಅವರ ಹಿಂದೆ ಆಟೋರಿಕ್ಷಾಗಳ ಸದ್ದು ಕೇಳಿಸುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಸೀಟು ಹೊಲಿಯುತ್ತಿದ್ದೇನೆ ಅಂದರು. "ಇಲ್ಲಿ ಎಲ್ಲ ರಿಕ್ಷಾದವರಿಗೂ ಹುಲಿಪಟ್ಟೆಯೇ ಬೇಕು ಮೇಡಂ, ಎಂತ ಮಾಡುವುದು!" ಇಬ್ಬರೂ ನಕ್ಕೆವು.

ಅವರ ಮಗಳು ಓದು ಮುಗಿಸಿದಳು. ಅದನ್ನು ನನಗೆ ತಿಳಿಸಿದ್ದು ಅವರೇ. ಅದಾಗಿ ಕೆಲವು ತಿಂಗಳ ಮೇಲೆ ಬಂದ ಫೋನು ಆ ಮಗಳದು. ಎದೆನೋವು ಬಂದಿತ್ತಂತೆ, ಆಸ್ಪತ್ರೆಯಲ್ಲಿ ಅವಳ ಕೈಯಲ್ಲೇ ಹೋದರಂತೆ. "ಅಪ್ಪನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸ್ಲಿಕ್ಕೆ ಹೋದ್ರೆ ಆ ದಾರದ ಹಳ್ಳದಲ್ಲಿ ಅದು ಸರಿ ಕೂರ್ಲಿಲ್ಲ ಮೇಡಂ. ಬೇರೆ ಬೆರಳಿಗೆ ಹಾಕಿದೆ" ಎಂದು ಹೇಳಿ ಅತ್ತಳು. ನಾನು ಆಫೀಸಿನ ಬಾಗಿಲು ಹಾಕಿಕೊಂಡು, ಅವರು ಹೊಲಿದ ಕುರ್ಚಿಯಲ್ಲಿ ಕೂತು, ಜೋರಾಗಿ ಅತ್ತೆ.

ಈ ವರ್ಷ ಮರ ಮತ್ತೆ ಖಾಲಿ. ಜನವರಿಯಲ್ಲೇ ಅದು ನನಗೆ ಗೊತ್ತಾಗಿತ್ತು. ಹೂವು ಬಿಡುವ ಕಾಲದಲ್ಲಿ ಮರವನ್ನು ನೋಡುವ ಚಟ ನನಗೂ ಈಗ ಹತ್ತಿದೆ. ಹಕ್ಕಿಗಳು ಬಂದ ದಿನ ರಾಶಿ ಹಣ್ಣು ತಂದು ಏಣಿ ಹಾಕಿದೆ. ಮೊದಲ ದಿನ ಹನ್ನೊಂದು ಹೋಳು ಹೊಲಿಯುವಷ್ಟರಲ್ಲಿ ಮೂರು ಸಲ ಕೈಗೆ ಚುಚ್ಚಿಕೊಂಡೆ. ಈಗ ಮೂವತ್ತರ ತನಕ ಬಂದಿದ್ದೇನೆ. ಸಂಜೆ ಮೂವತ್ತು ದಾರ ಎಣಿಸಿಯೇ ಮನೆಗೆ ಹೋಗುವುದು. ನನ್ನ ವೀಸಾ ನವೀಕರಣವೂ ಈ ಬೇಸಿಗೆಗೇ. ಗಂಡ, "ಬೀದೀಲಿ ಹೋಗೋ ಮಾರಿನ ಮನೆಗ್ಯಾಕೆ ಕರೀತೀಯ?" ಅನ್ನುತ್ತಾನೆ. ಮಾರಿ ನಮ್ಮ ಮನೆಯಲ್ಲಿ ಬಿಳಿ ಪಂಜರದಲ್ಲಿ ಒಂದು ವರ್ಷ ಕೂತಿತ್ತು, ಆಗ ಅವನೂ ಅದಕ್ಕೆ ನೀರು ಹಾಕುತ್ತಿದ್ದ ಎಂದು ನಾನು ನೆನಪಿಸುತ್ತೇನೆ. ಅರ್ಬಾಬ್ ಏಣಿಯ ಪಕ್ಕದಲ್ಲೇ ಹಾದುಹೋಗುತ್ತಾರೆ, ಇಳಿಯಿರಿ ಅನ್ನುವುದಿಲ್ಲ. ಮೊನ್ನೆ ಮಾತ್ರ ಯಾರೋ ನನ್ನ ಬಕೆಟ್ಟಿನ ಪಕ್ಕ ಒಂದು ಪೆಟ್ಟಿಗೆ ಅಂಜೂರ ಇಟ್ಟುಹೋಗಿದ್ದರು.

ನಿನ್ನೆ ಪಂಜರದವನು ಬಂದ. ಎರಡು ಪಂಜರ ಕೆಳಗಿಟ್ಟು, ತಲೆ ಎತ್ತಿ ಮರ ನೋಡಿ, ನೆಟ್ಟಗೆ ನನ್ನ ಆಫೀಸಿಗೆ ನುಗ್ಗಿದ.

"ಹಣ್ಣು ಹೊಲಿದದ್ದು ಯಾರು?"

ಟೇಬಲ್ಲಿನ ಕೆಳಗಿನ ಡ್ರಾಯರ್ ಎಳೆದೆ. ಅವತ್ತಿನ ಕಾಗದ ಅಲ್ಲೇ ಇದೆ. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷು, ಕೊನೆಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಏನೂ ಇಲ್ಲ. ತೆಗೆದು ಅವನ ಮುಂದೆ ಹರಡಿದೆ.

"ನಾನು" ಎಂದೆ. "ಕಾಗದ ಬೇಕಿದ್ದರೆ ಇದೇ ಇದೆ, ಹೊಸದು ಟೈಪ್ ಮಾಡುವ ಕೆಲಸವಿಲ್ಲ. ಹೆಸರು ಮಾತ್ರ ಬದಲಾಯಿಸಿಕೊಳ್ಳಿ. ಸಹಿ ಆವತ್ತೂ ಸಿಗಲಿಲ್ಲ, ಇವತ್ತೂ ಸಿಗುವುದಿಲ್ಲ."